ಉರಿ ನಿಂತ ಮೇಲೆ

ಮಾರ್ಚ್ ೧೧, ಮಂಗಳವಾರ

ಅಕ್ಕನ ಫೋನು ಬಂದಾಗಿನಿಂದ ಮನಸ್ಸು ಒಂದೆಡೆ ನಿಲ್ಲುತ್ತಿಲ್ಲ. ಕರುಳಿನ ಉರಿಯೂತಕ್ಕೆ ಕೊಟ್ಟ ಮಾತ್ರೆ ಬಿಟ್ಟು, ಯಾರದೋ ಮಾತು ಕೇಳಿ ದಿನವೂ ಹಸಿಮೆಣಸಿನಕಾಯಿ ತಿನ್ನುತ್ತಿದ್ದಾಳಂತೆ. "ಮೊದಮೊದಲು ಪ್ರಾಣ ಹೋಗ್ತಿತ್ತು ಕಣೋ. ಈಗ ಹೊಟ್ಟೆ ತಣ್ಣಗಿದೆ. ನಾಳೆ ಡಾಕ್ಟರ ಹತ್ರ ಹೋಗಲ್ಲ. ನಿನ್ನ ಇಲಿಗಳಿಗೂ ಹೇಳು!" ಎಂದು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು.

ಪ್ರಯೋಗಾಲಯದಲ್ಲಿ ನಾವು ಮೆಣಸಿನ ಖಾರದ ಸಾರವನ್ನು ಹೆಚ್ಚಾಗಿ ಕೊಟ್ಟು, ಕರುಳಿನ ಉರಿಯೂತವಿದ್ದ ಕೆಲವು ಇಲಿಗಳ ನೋವಿನ ನರಗಳನ್ನು ಮಂಕಾಗಿಸಿದ್ದೆವು. ಅವು ಮುದುಡಿ ಕೂರದೆ ಚೆನ್ನಾಗಿ ತಿಂದವು. ಗುಣವಾಯಿತೆಂದೇ ಎಲ್ಲರೂ ಅಂದುಕೊಂಡೆವು. ಕೊಯ್ದು ನೋಡಿದರೆ ಉಳಿದ ಇಲಿಗಳಿಗಿಂತ ಅವುಗಳ ಕರುಳಿನ ಹುಣ್ಣೇ ಹೆಚ್ಚು ಆಳವಾಗಿತ್ತು. ನೋವನ್ನು ಹೇಳುವ ನರವೇ ಕರುಳನ್ನು ಕಾಯುತ್ತಿತ್ತು.

ಅಕ್ಕ ಇಲಿಯಲ್ಲ. ತಿನ್ನುವ ಮೆಣಸಿನಕಾಯಿ ಅಷ್ಟೆಲ್ಲ ಮಾಡಲಾರದು. ನಿಜವಾಗಿಯೂ ಗುಣವಾಗಿರಬಹುದು. ಆದರೂ ಮತ್ತೆ ಫೋನು ಮಾಡಿ, "ನಾಳೆ ತೋರಿಸಲೇಬೇಕು ಅಕ್ಕಾ, ನಾನೇ ಕರ್ಕೊಂಡು ಹೋಗ್ತೀನಿ" ಅಂದೆ.

"ನಾನು ಚೆನ್ನಾಗಿರೋದು ನಿನ್ನ ಕೈಲಿ ನೋಡೋಕಾಗಲ್ವೇನೋ?" ಎಂದು ಫೋನು ಇಟ್ಟುಬಿಟ್ಟಳು.

ಬೆಳಗಾಗುವಷ್ಟರಲ್ಲಿ ಅವಳಿಗೆ ಸ್ವಲ್ಪವಾದರೂ ನೋವು ಬರಲಿ ಎಂದು ಒಳಗೊಳಗೇ ಬಯಸುತ್ತಿದ್ದೇನೆ. ಒಡಹುಟ್ಟಿದವಳಿಗೆ ಇಂಥದ್ದನ್ನು ಬಯಸಿ ಕೂತವನು ನಾಳೆ ಅವಳ ಮುಖವನ್ನು ಹೇಗೆ ನೋಡಲಿ?