ಮುಚ್ಚಳದ ಹಿಂದಿದ್ದ ಬೆಳ್ಳಿ

ಬರ್ರಾಂಕಾ ಆಲ್ತಾ, ಪರಾನಾ ನದಿಯ ದಂಡೆ
ಭಾನುವಾರ, 19 ಆಗಸ್ಟ್ 2007

ಪ್ರೀತಿಯ ಮಗ ದಾರಿಯೊ,

ಹೇಗಿದ್ದೀಯಪ್ಪ? ಸೊಂಟದ ನೋವು ಇಳಿಯಿತೇ? ಆ ಕಡೆಯ ಗಾಳಿ ಮನುಷ್ಯನನ್ನು ನೆಟ್ಟಗೆ ನಿಲ್ಲಗೊಡುವುದಿಲ್ಲ ಎಂದು ಹೋದ ಸಲ ನೀನು ಹೇಳಿದಾಗಿನಿಂದ ನನಗೆ ಅದೇ ಯೋಚನೆ. ಎಣ್ಣೆ ಪೈಪಿನ ಕೆಳಗೆ ಮಲಗಿ ಬೆಸುಗೆ ಹಾಕುವಾಗ ಬರೀ ನೆಲದ ಮೇಲೆ ಬೆನ್ನು ಊರಬೇಡ, ನಾನು ಕಳಿಸಿದ ಕುರಿಚರ್ಮ ಹಾಸಿಕೋ. ನಿನ್ನ ಹೊಸ ರೂಮಿನವರು ಮಾಟೆ ಸೊಪ್ಪಿನ ಕಷಾಯಕ್ಕೆ ಸಕ್ಕರೆ ಹಾಕಿ ಕುಡಿಯುತ್ತಾರೆ ಎಂದು ಹೇಳಿದ್ದೆಯಲ್ಲ, ಅದನ್ನು ಕೇಳಿ ನಕ್ಕೆ. ಅಪ್ಪ ಇದ್ದಿದ್ದರೆ ಆ ಮನೆಯ ಹೊಸಿಲು ತುಳಿಯುತ್ತಿರಲಿಲ್ಲ. ಮಾಟೆಯ ವಿಷಯದಲ್ಲಿ ಅವರು ಎಷ್ಟು ಕಟ್ಟುನಿಟ್ಟು, ನಿನಗೆ ನೆನಪಿರಬೇಕು. 'ಗ್ರಾಸಿಯಾಸ್' ಎಂದು ಧನ್ಯವಾದ ಹೇಳಿ ಮಾಟೆಯ ಸೋರೆಬುರುಡೆ ಹಿಂದಿರುಗಿಸಿದವನಿಗೆ ಸಾಕಾಗಿದೆ ಎಂದು ಲೆಕ್ಕ, ಅವನಿಗೆ ಮತ್ತೆ ಕೊಡುತ್ತಿರಲಿಲ್ಲ. ಹಾಗೆ ಹೇಳದೆ ಎದ್ದು ಹೋದವನಿಗೆ ಮಾರನೆಯ ದಿನವೂ ಅವನ ಸರತಿ ಕಾದಿಡುತ್ತಿದ್ದರು. ನನ್ನ ಆರೋಗ್ಯದ ಬಗ್ಗೆ ಹೇಳುವಂಥದ್ದೇನಿಲ್ಲ. ಮಂಡಿ ಹಳೆಯದು, ಕನ್ನಡಕ ಹೊಸದು. ಪತ್ರಿಕೆಯ ಮರಣವಾರ್ತೆಗಳನ್ನೂ ಈಗ ಬರಿಗೈಯಲ್ಲಿ, ಭೂತಗನ್ನಡಿಯಿಲ್ಲದೆ ಓದುತ್ತೇನೆ.

ಫೋನಿರುವಾಗ ಕಾಗದ ಏಕೆ ಎಂದು ಕೇಳಬಹುದು. ಫೋನಿನಲ್ಲಿ ನಿನ್ನ ತಮ್ಮ ಲಿಸಾಂದ್ರೊನ ಹೆಸರು ಬಂದ ಕೂಡಲೇ ಲೈನು ಕೆಡುತ್ತದೆ. ಹದಿಮೂರು ವರ್ಷದಿಂದ ಕೆಡುತ್ತಲೇ ಇದೆ. ಕಾಗದಕ್ಕೆ ಆ ರೋಗವಿಲ್ಲ. ಪತ್ರಿಕೆಯವರು ಮಾಡುವ ಹಾಗೆ ಮುಖ್ಯ ಸುದ್ದಿಯನ್ನು ಮೊದಲು ಹಾಕುತ್ತೇನೆ: ಅಪ್ಪ ಮಾಟೆ ಕುಡಿಯುತ್ತಿದ್ದ ಬೆಳ್ಳಿ ಹೀರುಕೊಳವೆ ಸಿಕ್ಕಿದೆ. ಲಿಸಾಂದ್ರೊ ಅದನ್ನು ಕದ್ದಿರಲಿಲ್ಲ. ಎಲ್ಲಿತ್ತು ಎಂಬುದನ್ನು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು. ಕಾಗದ ಮಡಿಸಿಡದೆ ಓದು, ನಿನ್ನಿಂದ ಒಂದು ಉತ್ತರ ಬೇಕಾಗಿದೆ. ಅದಕ್ಕಾಗಿ ನಾನೊಬ್ಬಳೇ ಅಲ್ಲ, ಇಡೀ ಅಣುಸ್ಥಾವರವೇ ಕಾಯುತ್ತಿದೆ.

ಈ ಚಳಿಗಾಲ ಅರ್ಜೆಂಟೀನಾವನ್ನೇ ನಡುಗಿಸಿತು. ಜುಲೈ ಒಂಬತ್ತರ ಸ್ವಾತಂತ್ರ್ಯ ದಿನದಂದು ರಾಜಧಾನಿಯಲ್ಲಿ ಹಿಮ ಬಿದ್ದದ್ದನ್ನು ನೀನೂ ಟಿವಿಯಲ್ಲಿ ನೋಡಿರುತ್ತೀಯ. ಗ್ಯಾಸ್ ಸಾಲದೆ ಟ್ಯಾಕ್ಸಿಗಳು ಪಂಪಿನ ಮುಂದೆ ಸಾಲುಗಟ್ಟಿದವು. ಮನೆಗಳಿಗೆ ವಿದ್ಯುತ್ ಉಳಿಯಲಿ ಎಂದು ನಮ್ಮೂರಿನ ಕಾಗದದ ಕಾರ್ಖಾನೆ ಸಂಜೆಯ ಪಾಳಿಯನ್ನು ನಿಲ್ಲಿಸಿತು. ಪಕ್ಕದ ಮನೆ ತೆರೆಸಿತಾಳ ಗಂಡ ಆ ಪಾಳಿಯವನು. 'ದೀಪ ಉರೀತಿದೆ ಎರ್ಮಿನಿಯಾ, ಅದರ ಕೆಳಗೆ ಕೂತು ಇವರ ಮುಖ ನೋಡ್ತಾ ಇದೀನಿ' ಎಂದು ಅವಳು ಗೊಣಗಿದಳು. ದೇಶ ಮತ್ತೆ ಬೆಳೆಯುತ್ತಿದೆ ಎಂದು ಪತ್ರಿಕೆ ಬರೆಯುತ್ತದೆ, ಅದು ಸುಳ್ಳಲ್ಲ. ಆದರೆ ಬೆಳೆಯುವ ಮಕ್ಕಳಿಗೆ ಹಸಿವು ಜಾಸ್ತಿ. ನೀವಿಬ್ಬರೂ ಬೆಳೆಯುವಾಗ ರೊಟ್ಟಿಯ ಬುಟ್ಟಿ ಹೇಗೆ ಬರಿದಾಗುತ್ತಿತ್ತು ಎಂದು ನನಗೆ ಗೊತ್ತು. ಅಂತೂ ನೀವೆಲ್ಲ ಅರ್ಧಕ್ಕೆ ಬಿಟ್ಟುಹೋದ ಅಣುಸ್ಥಾವರವನ್ನು ಮುಗಿಸಲು ಹಣ ಬಂದಿದೆ, ಗೇಟು ತೆರೆದಿದೆ, ನದಿಯ ಕಡೆಯ ಕ್ರೇನು ಮತ್ತೆ ತಿರುಗುತ್ತಿದೆ.

ನೀವು ಹೋದ ಮೇಲೆ ಅಲ್ಲಿ ಏನು ನಡೆಯಿತು ಎಂದು ನೀನು ಒಂದು ಸಲವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಾವಿರಾರು ಜನರನ್ನು ಮನೆಗೆ ಕಳಿಸಿ ಬೆರಳೆಣಿಕೆಯಷ್ಟು ಮಂದಿಯನ್ನು ಉಳಿಸಿಕೊಂಡರು. ಜೋಡಿಸದ ಯಂತ್ರಭಾಗಗಳು ಗೋದಾಮುಗಳಲ್ಲಿ, ಅರ್ಧ ಜೋಡಿಸಿದವು ಕಟ್ಟಡದೊಳಗೆ. ಅವು ಹಾಳಾಗದ ಹಾಗೆ ನೋಡಿಕೊಳ್ಳುವುದೇ ಕೆಲಸ. ಟರ್ಬೈನಿನ ಆ ಭಾರೀ ದಂಡ ತನ್ನ ತೂಕಕ್ಕೆ ತಾನೇ ಬಾಗಬಾರದೆಂದು ಅದನ್ನು ಆಗಾಗ ಸ್ವಲ್ಪ ತಿರುಗಿಸಿಡಬೇಕಿತ್ತು, ಹಾಸಿಗೆ ಹಿಡಿದ ರೋಗಿಯ ಮಗ್ಗುಲು ಬದಲಿಸುವ ಹಾಗೆ. ಒಳಗಿನ ಗಾಳಿ ಒಣಗಿರಬೇಕು ಎಂದು ಮೂಲೆಮೂಲೆಗೂ ತೇವ ಹೀರುವ ಹರಳಿನ ಚೀಲ ಇಡುತ್ತಿದ್ದರು. ಒಣಗಿದ್ದಾಗ ಆ ಹರಳು ನೀಲಿ, ತೇವ ಕುಡಿದರೆ ಗುಲಾಬಿ. ಗುಲಾಬಿಯಾದವನ್ನು ಬಿಸಿ ಮಾಡಿ ಮತ್ತೆ ನೀಲಿಯಾಗಿಸಲು ಒಲೆ ಬೇಕಲ್ಲ? ಕ್ಯಾಂಟೀನಿನ ಓವನ್ ಖಾಲಿ ಬಿದ್ದಿತ್ತು, ಕ್ಯಾಂಟೀನಿನ ಅಡುಗೆಯವಳು ನಾನೂ ಖಾಲಿ ಕೂತಿದ್ದೆ. ನಿಮಗೆಲ್ಲ ಎಂಪನಾಡಾ ಕಡುಬು ಸುಡುತ್ತಿದ್ದ ತಟ್ಟೆಗಳಲ್ಲೇ ಹರಳು ಹರಡಿ ಬಿಸಿ ಮಾಡಿದೆ. ಗೇಟಿನ ಕಾವಲುಗಾರ ಫುನೆಸ್ ದಿನವೂ ಕಾಡುತ್ತಿದ್ದ: 'ಏನಮ್ಮಾ ಎರ್ಮಿನಿಯಾ, ಇವತ್ತು ರಿಯಾಕ್ಟರಿಗೆ ಬಿಸ್ಕತ್ತು ಹದವಾಗಿ ಬೆಂದಿದೆಯಾ?' ನಿಜ ಹೇಳಬೇಕೆಂದರೆ, ಎಂದೂ ಶುರುವಾಗದ ಯಂತ್ರಕ್ಕೆ ಉಪಚಾರ ಮಾಡುತ್ತಾ ನಾವು ಮುದುಕರಾಗುತ್ತಿದ್ದೇವೆ ಎಂದು ಎಷ್ಟೋ ಸಲ ಅನ್ನಿಸಿತ್ತು.

ಹೋದ ಗುರುವಾರ ಆವಿ ತಯಾರಾಗುವ ಎರಡನೆಯ ಪಾತ್ರೆಯನ್ನು ತೆರೆದರು. ನೀನೂ ನಿನ್ನ ತಮ್ಮನೂ ಕೊನೆಯ ದಿನ ಬೆಸುಗೆ ಹಾಕುತ್ತಿದ್ದ ಪಾತ್ರೆ ಅದೇ. ಈಗಿನ ಮುಖ್ಯಸ್ಥೆ ಎಂಜಿನಿಯರ್ ಬೆರ್ತೋಲ್ದಿ ಮೇಡಂ ನನ್ನನ್ನೂ ಫುನೆಸ್‌ನನ್ನೂ ಕರೆಸಿದರು. 'ಇಷ್ಟು ವರ್ಷ ಕಾದವರು ನೀವು, ಬಾಗಿಲು ತೆಗೆಯೋವಾಗ ಹೊರಗಿನವರ ಹಾಗೆ ಯಾಕೆ ನಿಲ್ತೀರಿ' ಎಂದರು. ಬಿಳಿ ಉಡುಪು ಕೊಟ್ಟರು, ಅದಕ್ಕೆ ಜೇಬೇ ಇಲ್ಲ. ಗಡಿಯಾರ, ಪಿನ್ನು, ಕಿವಿಯೋಲೆ ಎಲ್ಲ ಬಿಚ್ಚಿಡಬೇಕು. ನನ್ನ ಮದುವೆಯ ಉಂಗುರ ಬೆರಳಿನಿಂದ ಬರಲೊಲ್ಲದು, ಅದಕ್ಕೆ ಟೇಪು ಸುತ್ತಿದರು. ಮನುಷ್ಯನೊಬ್ಬ ಮುದುರಿ ತೂರುವಷ್ಟೇ ಬಾಗಿಲು. ಅದನ್ನು ತೆಗೆದು, ಗಾಳಿಯಾಡಿಸಿ, ಅಳೆದು ನೋಡಿದ ಮೇಲೆ ಮೊದಲು ಇಳಿದವನು ಲಿಸಾಂದ್ರೊ. ಈಗ ಅವನು ಬೆಸುಗೆ ತಂಡದಲ್ಲಿದ್ದಾನೆ, ಕೆಲಸ ಸಿಕ್ಕಿ ಎರಡು ತಿಂಗಳಷ್ಟೇ ಆಗಿದೆ.

ಅವನು ಇಳಿಯುವ ಮೊದಲು ನಾನು ಬಾಗಿಲಲ್ಲಿ ಬಗ್ಗಿ ದೀಪ ಹಾಕಿಸಿ ನೋಡಿದೆ. ಮಗನೇ, ನೀನು ಅದರೊಳಗೆ ತಿಂಗಳುಗಟ್ಟಲೆ ಕೂತವನು, ನಿನಗೆ ಅದು ಹೊಸದಲ್ಲ. ನಾನು ನೋಡಿದ್ದು ಅದೇ ಮೊದಲು. ತಲೆಯ ಮೇಲೆ ಜೇನುಗೂಡಿನಂತೆ ಸಾವಿರಾರು ತೂತುಗಳು, ಒಂದೊಂದೂ ಒಂದು ಕೊಳವೆಯ ಬಾಯಿ. ಗೋಡೆಯಲ್ಲಿ ತುಕ್ಕಿನ ಒಂದು ಚುಕ್ಕೆ ಇಲ್ಲ. ನಮ್ಮ ಮನೆಯ ತಗಡಿನ ಮಾಡು ಈ ಅವಧಿಯಲ್ಲಿ ಎರಡು ಸಲ ತುಕ್ಕು ಹಿಡಿದು ಬದಲಾಗಿದೆ. ಹೊರಗೆ ಐದು ಜನ ಅಧ್ಯಕ್ಷರು ಬಂದು ಹೋದರು, ಬ್ಯಾಂಕುಗಳು ಬಾಗಿಲು ಹಾಕಿದವು, ಜನ ಪಾತ್ರೆ ಬಡಿಯುತ್ತಾ ಬೀದಿಗಿಳಿದರು. ಒಳಗೆ ನೀವು ಬಿಟ್ಟುಹೋದ ಸಂಜೆಯೇ ನಿಂತಿತ್ತು. ಚರ್ಚಿನಲ್ಲಿ ನಿಂತಾಗ ಆಗುವ ಹಾಗೆ ನನ್ನ ದನಿ ತಾನಾಗಿಯೇ ತಗ್ಗಿತು. ಒಂದು ಹಿಡಿ ಯುರೇನಿಯಂ ಗುಳಿಗೆಯ ಬಿಸಿ ಇಲ್ಲಿಂದ ಹಾದುಹೋಗಿ ತೆರೆಸಿತಾಳ ಗಂಡನ ಕಾರ್ಖಾನೆಯನ್ನು ತಿರುಗಿಸುತ್ತದೆ ಎಂದು ಪತ್ರಿಕೆಯಲ್ಲಿ ಓದಿದಾಗ ತಲೆಯಾಡಿಸಿ ಪುಟ ತಿರುಗಿಸಿದ್ದೆ. ಅಲ್ಲಿ ಬಗ್ಗಿ ನಿಂತಾಗ ಮಾತ್ರ, ಮನುಷ್ಯರು ಇಂಥದ್ದನ್ನು ಯೋಚಿಸಿ, ಮಾಡಿ, ಕೈಯಿಂದ ಉಜ್ಜಿ ಹೊಳೆಯಿಸಿದ್ದಾರೆ, ಅವರಲ್ಲಿ ನನ್ನ ಮಕ್ಕಳೂ ಇದ್ದಾರೆ ಎಂಬುದು ಮನಸ್ಸಿಗೆ ಇಳಿಯಿತು.

ಲಿಸಾಂದ್ರೊ ಇಳಿದು, ಪೈಪಿನ ಬಾಯಿಗೆ ಹಾಕಿದ್ದ ತಾತ್ಕಾಲಿಕ ಮುಚ್ಚಳವನ್ನು ಬಿಚ್ಚಿದ. ಒಳಗಿನಿಂದ ಅವನ ದನಿ ಬಂತು: 'ಮೇಡಂ, ಮುಚ್ಚಳದ ಹಿಂದೆ ಒಂದು ಸಾಮಾನಿದೆ. ನಾನು ಮುಟ್ಟಿಲ್ಲ.' ಚಿತ್ರ ತೆಗೆದು, ಕೈಗವಸು ಹಾಕಿ, ಪಾರದರ್ಶಕ ಚೀಲದಲ್ಲಿ ಅದನ್ನು ಹೊರಗೆ ತಂದರು. ಅಪ್ಪನ ಹೀರುಕೊಳವೆ. ಅವರ ಹೆಸರಿನ ಅಕ್ಷರಗಳು ಈಚೆಗೆ ಕೊರೆದ ಹಾಗಿದ್ದವು. ನನ್ನ ಅಡುಗೆಮನೆಯಲ್ಲಿ ಬೆಳ್ಳಿ ಚಮಚ ಒಂದು ಮಳೆಗಾಲಕ್ಕೆ ಕಪ್ಪಾಗುತ್ತದೆ. ಅದು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು, ಅವತ್ತು ಬೆಳಗ್ಗೆ ಉಜ್ಜಿಟ್ಟ ಹಾಗೆ. ಫುನೆಸ್ ಚೀಲವನ್ನೇ ನೋಡಿದ, ನನ್ನನ್ನು ನೋಡಿದ. 'ನಿನ್ನ ಬಿಸ್ಕತ್ತು ಹದವಾಗೇ ಬೆಂದಿತ್ತು ಕಣಮ್ಮಾ' ಎಂದ. ಈ ಸಲ ಅದರಲ್ಲಿ ಕುಚೋದ್ಯವಿರಲಿಲ್ಲ.

ಹದಿಮೂರು ವರ್ಷದ ಹಿಂದೆ ಕೆಲಸ ನಿಂತ ದಿನ ಬುರುಡೆ ಮತ್ತು ಥರ್ಮಾಸ್ ಲಿಸಾಂದ್ರೊನ ಚೀಲದಲ್ಲಿ ಮನೆಗೆ ಬಂದವು, ಕೊಳವೆ ಬರಲಿಲ್ಲ. ಅಪ್ಪ ಅದನ್ನು ನಿನಗೆ ಕೊಟ್ಟದ್ದಕ್ಕೆ ಅವನಿಗೆ ಮೊದಲಿಂದಲೂ ಹೊಟ್ಟೆಕಿಚ್ಚು ಎಂದೆ ನೀನು. ನನ್ನ ಅಡುಗೆಮನೆಯಲ್ಲಿ ನಿಂತು, ನನ್ನ ಮುಂದೆಯೇ, ಅವನನ್ನು ಕಳ್ಳ ಎಂದು ಕರೆದೆ. ಅದೇ ವಾರ ದಕ್ಷಿಣದ ಬಸ್ಸು ಹತ್ತಿದೆ. ಅವನು ಅಂದು ಹೇಳಿದ್ದು ಇಷ್ಟೇ: 'ನನ್ನ ಹತ್ರ ಇಲ್ಲ ಅಣ್ಣ.'

ಬೆರ್ತೋಲ್ದಿ ಮೇಡಂ ಚೀಲ ಎತ್ತಿ ಹಿಡಿದು ಇದು ಯಾರದೆಂದು ಕೇಳಿದರು. ಅವನು ಸುಮ್ಮನಿರಬಹುದಿತ್ತು. ನಾನು, ಫುನೆಸ್ ಬಿಟ್ಟರೆ ಆ ಕಾಲದವರು ಯಾರೂ ಅಲ್ಲಿರಲಿಲ್ಲ. 'ನಮ್ಮಪ್ಪಂದು ಮೇಡಂ. ಕೆಲಸ ನಿಂತ ದಿನ ನಾವು ಅಣ್ಣ ತಮ್ಮ ಒಳಗೆ ಕೂತು ಮಾಟೆ ಕುಡಿದ್ವಿ' ಎಂದ. 'ಒಳಗೆ?' 'ಒಳಗೇ. ಅವತ್ತು ಹೊರಗೆ ಹೋಗೋಕೆ ಮನಸ್ಸೇ ಬರಲಿಲ್ಲ.' ಮೇಡಂ ಹಣೆ ಒತ್ತಿಕೊಂಡರು. 'ಜಗತ್ತಿನಲ್ಲಿ ಎಷ್ಟೊಂದು ಸ್ಥಾವರಗಳಿವೆ. ಆವಿ ಪಾತ್ರೆ ಒಳಗೆ ಥರ್ಮಾಸ್ ತಗೊಂಡು ಹೋಗೋ ಬುದ್ಧಿ ನಮ್ಮೋರಿಗೆ ಮಾತ್ರ' ಎಂದರು. ಒಂದಿಬ್ಬರು ನಕ್ಕರು. ಅವರು ನಗಲಿಲ್ಲ. ಮುಚ್ಚಳ ಹಾಕಿದವನು ಯಾರೆಂದು ಅವನಾಗಿ ಹೇಳಲಿಲ್ಲ ದಾರಿಯೊ. 'ನಾವು' ಎಂದಷ್ಟೇ ಹೇಳಿದ. ವಿಚಾರಣೆ ಮುಗಿಯುವವರೆಗೆ ಅವನು ಒಳಗೆ ಇಳಿಯುವ ಹಾಗಿಲ್ಲ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ಈಗ ನಿನ್ನ ಉತ್ತರ ಬೇಕಾದ ವಿಷಯ. ಕೊಳವೆಯ ಕತ್ತಿನಲ್ಲಿದ್ದ ಸಣ್ಣ ಚಿನ್ನದ ಉಂಗುರ ಈಗ ಅದರ ಮೇಲಿಲ್ಲ. ಅದು ಸಡಿಲವಾಗಿತ್ತು, ಮಾತಾಡುವಾಗ ನೀನು ಹೆಬ್ಬೆರಳಲ್ಲಿ ಅದನ್ನು ತಿರುಗಿಸುತ್ತಿದ್ದದ್ದು ನನಗೆ ನೆನಪಿದೆ. ಮೊದಲೇ ಎಲ್ಲೋ ಬಿದ್ದುಹೋಗಿತ್ತೋ, ಆ ದಿನ ಒಳಗೆ ಬಿತ್ತೋ? ನೀವು ಕುಡಿಯುವಾಗ ಪೈಪಿನ ಬಾಯಿ ತೆರೆದಿತ್ತೋ, ಅರ್ಧ ಮುಚ್ಚಿತ್ತೋ? ತೆರೆದಿದ್ದರೆ ಅದು ರಿಯಾಕ್ಟರಿನ ಕಡೆಗೆ ಉರುಳಿರಬಹುದು. ನೀರು ರಭಸದಿಂದ ಸುತ್ತುವಾಗ ಬಟಾಣಿಯಷ್ಟು ಲೋಹ ಸಾಕಂತೆ, ಬಡಿದು ಬಡಿದು ಕೊಳವೆ ಸವೆಸಲು. ಲಿಸಾಂದ್ರೊ ಮೊದಲು ಹೊರಬಂದವನು, ಅವನಿಗೆ ಗೊತ್ತಿಲ್ಲ. ಕೊಳವೆಯನ್ನು ಪೈಪಿನ ಬಾಯಲ್ಲಿಟ್ಟು, ಮರೆತು ಮುಚ್ಚಳ ಹಾಕಿದವನು ನೀನೇ ಇರಬೇಕು. ನೀನು ಏನೇ ಹೇಳಿದರೂ ಅವರು ಹುಡುಕಿಯೇ ಹುಡುಕುತ್ತಾರೆ. ಎಲ್ಲಿಂದ ಹುಡುಕಬೇಕು ಎಂಬುದನ್ನು ನೀನು ಹೇಳಬಹುದು. ಉಂಗುರ ಸಿಗುವವರೆಗೆ, ಅಥವಾ ಒಳಗಿಲ್ಲ ಎಂದು ಖಚಿತವಾಗುವವರೆಗೆ, ಆ ಬಾಗಿಲು ಮುಚ್ಚುವುದಿಲ್ಲ.

ತೆರೆಸಿತಾಗೆ ಇದನ್ನು ಹೇಳಿದಾಗ ಹೆದರಿದಳು. ಅವಳಿಗೆ ಸ್ಥಾವರವೆಂದರೆ ಮೊದಲಿಂದಲೂ ಅಂಜಿಕೆ, ಅದನ್ನು ನಾನು ಮೂಢತನ ಎನ್ನುವುದಿಲ್ಲ. ಉಳಿಯುವ ಕಸವನ್ನು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಕಾಯಬೇಕು ಎಂದು ನಾನೂ ಓದಿದ್ದೇನೆ. 'ಒಂದು ಉಂಗುರಕ್ಕೆ ಇಷ್ಟು ಹೆದರೋರು ದೊಡ್ಡದಾದರೆ ಏನು ಮಾಡ್ತಾರೆ' ಎಂದಳು. ಮರುದಿನ ಬೇಕರಿಯಲ್ಲಿ ಮೇಡಂ ಸಿಕ್ಕಾಗ ಅದನ್ನೇ ಅವರ ಮುಂದೆ ಕೇಳಿಯೂಬಿಟ್ಟಳು. ಮೇಡಂ ರೊಟ್ಟಿ ಚೀಲ ಹಿಡಿದು ನಿಂತು ಯೋಚಿಸಿ, 'ಉಂಗುರಕ್ಕೆ ಹೆದರೋರು ಇರೋವರೆಗೆ ದೊಡ್ಡದು ದೂರ ಇರುತ್ತೆ ತೆರೆಸಿತಾ. ಯಾರೂ ಹೆದರದೇ ಇರೋ ದಿನ ನಾನೂ ಊರು ಬಿಡ್ತೀನಿ' ಎಂದರು. ನನಗೆ ಆ ಉತ್ತರ ಸರಿಯೆನಿಸಿತು. ತೆರೆಸಿತಾಗೆ ಅರ್ಧ ಸರಿಯೆನಿಸಿದೆ.

ಮುಚ್ಚಳ ಹಾಕಿದವನು ನೀನು ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ, ನನಗೆ ಗೊತ್ತು. ಶಿಕ್ಷೆ ಏನಿರುತ್ತದೋ ಹೇಳಲಾರೆ. ಮೇಡಂ ನಿನ್ನ ಮೇಲೆ ಸಿಟ್ಟಾಗಿದ್ದಾರೆ. ಆ ಮೂಲೆಯಲ್ಲಿ ನೀನು ಹಾಕಿದ ಬೆಸುಗೆಯನ್ನು ತಪಾಸಣೆಯ ಕನ್ನಡಿಯಲ್ಲಿ ನೋಡಿ ಮೆಚ್ಚಿ, ಇದನ್ನು ಹಾಕಿದವನು ಈಗೆಲ್ಲಿ ಎಂದೂ ಕೇಳಿದ್ದಾರೆ. ಎರಡನ್ನೂ ಇದ್ದ ಹಾಗೆ ಬರೆದಿದ್ದೇನೆ.

ನಮ್ಮೂರಿನ ಕನ್ಯಾಮಾತೆ ನಿನ್ನನ್ನು ಗಾಳಿಯಿಂದಲೂ ಹಟದಿಂದಲೂ ಕಾಪಾಡಲಿ. ನಿನಗೆ ಅನ್ನ ಹಾಕುವ ಮನೆಯವರಿಗೆ ನನ್ನ ನಮಸ್ಕಾರ ಹೇಳು. ಮಲಗುವಾಗ ಕಾಲುಚೀಲ ಹಾಕಿಕೋ.

ನಿನ್ನ ಅಮ್ಮ,
ಎರ್ಮಿನಿಯಾ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಲಿಸಾಂದ್ರೊ ಬಂದ. ಅಳತೆ, ಚಿತ್ರ ಎಲ್ಲ ಮುಗಿಸಿ ಕೊಳವೆಯನ್ನು ನಮಗೆ ಕೊಟ್ಟಿದ್ದಾರೆ. ಆ ಪಾತ್ರೆಗೆ ಇಂಧನದ ಬಿಸಿ ಇನ್ನೂ ತಾಗಿಯೇ ಇಲ್ಲವಾದ್ದರಿಂದ ಅದು ಬರೀ ಬೆಳ್ಳಿ, ಭಯವಿಲ್ಲ. ತೊಳೆದು, ಹಳೆಯ ಬುರುಡೆಗೆ ಹಾಕಿ, ಬಿಸಿನೀರು ಬಿಟ್ಟು ಅವನ ಮುಂದಿಟ್ಟೆ. ಇಷ್ಟು ವರ್ಷ ಅದಕ್ಕಾಗಿ ಬೈಸಿಕೊಂಡವನು ಒಂದು ಗುಟುಕಾದರೂ ಕುಡಿಯಲಿ ಎಂದು. ಮುಟ್ಟಲಿಲ್ಲ. 'ಸೈರನ್ ಕೂಗಿದಾಗ ನಾನು ಕುಡಿದು ಅಣ್ಣನ ಕಡೆ ಚಾಚಿದ್ದೆ ಅಮ್ಮಾ. ಅವನು ಕುಡೀಲಿಲ್ಲ. ಈಗಿರೋದು ಅವನ ಸರತಿ' ಎಂದ. ಅಣ್ಣ ಗ್ರಾಸಿಯಾಸ್ ಅಂದಿದ್ದನೇ ಎಂದು ಕೇಳಿದೆ. ಇಲ್ಲವಂತೆ. ಬುರುಡೆಯನ್ನು ಅಪ್ಪ ಇಡುತ್ತಿದ್ದ ಜಾಗದಲ್ಲೇ ಇಟ್ಟಿದ್ದೇನೆ. ನೀನಿರುವ ಕೊಮೊಡೊರೊದಿಂದ ಇಲ್ಲಿಗೆ ಬಸ್ಸು ಬುಧವಾರ ಮತ್ತು ಶನಿವಾರ.