ವಾರ್ಡನ್ ಸಹಿಯ ಕೆಳಗೆ

ಉಳ್ಳೂರ್, ತಿರುವನಂತಪುರ
ಭಾನುವಾರ, 13 ಜುಲೈ 2025

ಅಮ್ಮಾ,

ಚೆನ್ನಾಗಿದ್ದೇನೆ. ಊಟ ಸರಿಯಾಗಿ ಮಾಡುತ್ತಿದ್ದೇನೆ. ನಗಬೇಡ, ಸ್ಕೂಲ್ ಹಾಸ್ಟೆಲಿನಲ್ಲಿ ಏಳು ವರ್ಷ ಪ್ರತಿ ಭಾನುವಾರ ಹೀಗೇ ಶುರು ಮಾಡಿದ ಕೈ ಇದು. ವಾರ್ಡನ್ ಮಿಸ್ ಪೂರ್ತಿ ಓದಿ ಸಹಿ ಹಾಕಿದ ಮೇಲೆ, ಕವರ್ ಅಂಟಿಸುವ ಮೊದಲು ನಾನು ಕೆಳಗೆ ಗೀಚುತ್ತಿದ್ದ ಎರಡು ಸಾಲೇ ನಿಜವಾದ ಪತ್ರ. ನೀನೂ ಅದನ್ನೇ ಮೊದಲು ಓದುತ್ತಿದ್ದೆ.

ಗುರುವಾರ ಕಾಲೇಜಿಗೆ ಹೋಗುವಾಗ ಜಂಕ್ಷನ್ ಹತ್ತಿರ ಒಂದು ಕಾರು ಸ್ಕೂಟರಿಗೆ ಗುದ್ದಿ ನಿಲ್ಲದೆ ಹೋಯಿತು. ಸ್ಕೂಟರ್ ಓಡಿಸುತ್ತಿದ್ದ ಆಂಟಿ ರಸ್ತೆಯಲ್ಲಿ ಬಿದ್ದಿದ್ದರು. ಸುತ್ತ ಜನ ಫೋನ್ ಹಿಡಿದು ನಿಂತಿದ್ದರು. ಪರ ಊರು, ನಮಗ್ಯಾಕೆ ಅನ್ನುವ ನಿನ್ನ ಮಾತು ನೆನಪಾಯಿತು. ಆದರೂ ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದೆ.

ಕ್ಯಾಶುಯಲ್ಟಿಯಲ್ಲಿ ಪೊಲೀಸಿನವರು ಮೊದಲು ಕೇಳಿದ್ದೇ ಹೆಲ್ಮೆಟ್ ಇತ್ತಾ ಅಂತ. ಇರಲಿಲ್ಲ ಅಂದೆ. ಬರೆದುಕೊಂಡರು. ಆಮೇಲೆ ನನ್ನ ಹೆಸರು ಕೇಳಿದರು. ಪಕ್ಕದಲ್ಲಿದ್ದ ನರ್ಸ್, "ಹೇಳಲೇಬೇಕು ಅಂತಿಲ್ಲ ಮಗಳೇ, ಇಷ್ಟ ಇದ್ದರೆ ಮಾತ್ರ" ಅಂದರು. ಸಹಾಯ ಮಾಡಿದವರನ್ನು ಬಲವಂತ ಮಾಡಬಾರದು ಅಂತ ಕಾನೂನೇ ಇದೆಯಂತೆ. ಪೊಲೀಸಿನವರೂ ತಲೆ ಆಡಿಸಿದರು. ಥ್ಯಾಂಕ್ ಗಾಡ್ ಅಂದುಕೊಂಡು ಹೆಸರು ಹೇಳದೆ ಓಡಿಬಂದೆ.

ನಿನ್ನೆ ಆ ಆಂಟಿಯನ್ನು ನೋಡಲು ಹೋದೆ. ಪ್ರೇಮ ಅಂತ ಹೆಸರು. ಪ್ರಜ್ಞೆ ಬಂದಿದೆ, ಮಾತು ಇನ್ನೂ ಬಂದಿಲ್ಲ. ಹೊರಗೆ ನೆಂಟರೊಬ್ಬರು ಪ್ರೇಮ ಆಂಟಿಯ ಗಂಡನಿಗೆ ಬೈಯುತ್ತಿದ್ದರು, ಹೆಲ್ಮೆಟ್ ಇಲ್ಲದೆ ಹೋದರೆ ತಪ್ಪು ಅವಳ ತಲೆಗೇ ಬರುತ್ತೆ, ಪರಿಹಾರವೂ ಸರಿಯಾಗಿ ಸಿಗಲ್ಲ ಅಂತ. ಗಂಡನದು ಒಂದೇ ಮಾತು: "ಅವಳು ಹೆಲ್ಮೆಟ್ ಹಾಕದೆ ಗೇಟು ದಾಟುವವಳಲ್ಲ." ಯಾರೂ ನಂಬಲಿಲ್ಲ.

ಅಷ್ಟೇ ವಿಷಯ. ನಿದ್ದೆ ಸರಿಯಾಗಿ ಬರುತ್ತಿಲ್ಲ. ಇಂಟರ್ನಲ್ಸ್ ಟೆನ್ಷನ್ ಇರಬೇಕು. ಎರ್ನಾಕುಲಂ ಬ್ರಾಂಚಿನಲ್ಲಿ ನಿನಗೆ ಕೆಲಸ ಜಾಸ್ತಿಯಾ?

ನಿನ್ನ
ಧನಶ್ರೀ

ತಾ.ಕ.: ಹೆಲ್ಮೆಟ್ ಇತ್ತು ಅಮ್ಮ. ಅವರಿಗೆ ಉಸಿರು ಕಟ್ಟಿದ ಹಾಗೆ ಕಂಡಿತು, ನಾನೇ ಎಳೆದು ತೆಗೆದೆ. ಹಾಗೆ ತೆಗೆದರೆ ಕುತ್ತಿಗೆಗೇ ಅಪಾಯ ಅಂತ ಆಟೋದವರು ಬೈದಾಗಲೇ ಗೊತ್ತಾಗಿದ್ದು. ಹೆದರಿ ಬ್ಯಾಗಿಗೆ ತುರುಕಿದೆ. ಈಗ ನನ್ನ ಮಂಚದ ಕೆಳಗಿದೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡುವಾಗ ತಪ್ಪಾದರೂ ಕೇಸ್ ಹಾಕುವಂತಿಲ್ಲ ಅಂತ ಲಾ ಓದುವ ಸೀನಿಯರ್ ಐಶ್ವರ್ಯ ಹೇಳಿದಳು. ಸುಳ್ಳು ಹೇಳಿದ್ದರೆ ಏನಾಗುತ್ತೆ ಅಂತ ಕೇಳಲು ಧೈರ್ಯ ಬರಲಿಲ್ಲ.

ಫೋನ್ ಮಾಡಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನಾನೂ ಸುಮ್ಮನಾಗಿಬಿಡುತ್ತಿದ್ದೆ. ಇದು ನಿನಗೆ ತಲುಪುವ ಹೊತ್ತಿಗೆ ಹೆಲ್ಮೆಟ್ ಸ್ಟೇಷನ್ನಿನಲ್ಲಿರುತ್ತದೆ, ಜೊತೆಗೆ ನನ್ನ ಹೆಸರು, ನಿನ್ನ ನಂಬರು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಕಟ್ ಮಾಡಬೇಡ.