ಮುಂಗೈಯ ತೊಟ್ಟಿಲು

ಸಾರವಾಡ, ೧೯೪೬

ಡಾಕ್ಟರ್ ಸಾಹೇಬರಿಗೆ ಬಸಗೊಂಡಪ್ಪನ ನಮಸ್ಕಾರಗಳು.

ಸಕ್ಕರೆ ರೋಗದವರು ಹಚ್ಚೆ ಹಾಕಿಸಿಕೊಂಡರೆ ಗಾಯ ಮಾಯದೆ ಕೈ ಕೊಳೆಯಬಹುದು ಎಂದಿದ್ದಿರಿ. ನನ್ನ ಹೆಂಡತಿ ಗುರುಬಸವ್ವ ಕೇಳಲಿಲ್ಲ. ತೀರಿಕೊಂಡ ಮಗಳ ಮುಂಗೈಯಲ್ಲಿದ್ದಂಥ ತೊಟ್ಟಿಲಿನ ಹಚ್ಚೆಯನ್ನೇ ಚುಚ್ಚಿಸಿಕೊಂಡಳು.

"ಸತ್ತಾಗ ಸಂಗಾಟ ಬರೂದು ಹಚ್ಚಿ ಅಷ್ಟರಿ. ಮಗಳು ನನ್ನ ಗುರುತ ಹಿಡೀಬ್ಯಾಡೇನ್ರಿ?" ಎಂದಳು.

ಕೈ ಬಾತು ಕೀವಾಯಿತು. ನೀವು ಹೇಳಿದಾಗ ಬೆಲ್ಲ ಬಿಡದವಳು, ತೊಟ್ಟಿಲು ಕೆಡಬಾರದೆಂದು ಆ ದಿನವೇ ಅದನ್ನು ಬಿಟ್ಟಳು. ದಿನವೂ ಕುದಿಸಿ ಆರಿಸಿದ ನೀರಿನಲ್ಲಿ ಗಾಯ ತೊಳೆದಳು. ಇಂದು ಹಕ್ಕಳೆ ಉದುರಿ ಹಸಿರು ತೊಟ್ಟಿಲು ಮೂಡಿದೆ. ಅಂಗಳದಲ್ಲಿ ಅವಳು ಕೈ ಚಾಚಿದಾಗ, ಯಾಕೋ ಚಪ್ಪಲಿ ಕಳಚಿ ಹತ್ತಿರ ಹೋದೆ.

ಸೋಮವಾರ ವಿಜಾಪುರಕ್ಕೆ ಕರೆತರುತ್ತೇನೆ. ಬೈಯುವುದಿದ್ದರೆ ನನ್ನನ್ನು ಬೈಯಿರಿ. ಅವಳ ಕೈಯನ್ನು ಮಾತ್ರ ಮೆಲ್ಲಗೆ ಹಿಡಿದು ನೋಡಿ. ಆ ತೊಟ್ಟಿಲಲ್ಲಿ ಮಗು ಮಲಗಿದೆಯೆಂಬಂತೆ ಕೈ ಅಲುಗಿಸದೆ ನಡೆಯುತ್ತಾಳೆ.

ನಿಮ್ಮವ,
ಬಸಗೊಂಡಪ್ಪ